ಬಿಚ್ಚಿಟ್ಟ ಬಟ್ಟೆ

ಕುರಿ ಕಾಯುವವರ ಬಗ್ಗೆ ನನಗೆ ಗೌರವವಿದೆ. ಕುರಿ ಕಾಯುವವರ ಚಿತ್ರ ಬರೆದವರ ಬಗ್ಗೆ ಅಷ್ಟಿಲ್ಲ. ಶಿರಾ, ಹಿರಿಯೂರಿನ ಕಡೆ ಬಸ್ಸಿನಲ್ಲಿ ಹೋದವರೆಲ್ಲ ನೋಡಿರುತ್ತಾರೆ: ಹೆಗಲ ಮೇಲೆ ಕರಿ ಕಂಬಳಿ, ತಲೆಗೊಂದು ವಸ್ತ್ರ, ಕೈಯಲ್ಲಿ ಕೋಲು, ಕಾಲಿಗೆ ದಪ್ಪ ಅಟ್ಟೆಯ ಮೆಟ್ಟು. ಬಿಸಿಲಿಗೆ ನೆರಳು ಆ ಕಂಬಳಿಯೇ, ಮಳೆ ಬಂದರೆ ಕೊಪ್ಪೆ ಆ ಕಂಬಳಿಯೇ, ರಾತ್ರಿ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದಾಗ ಹಾಸಿಗೆ, ಹೊದಿಕೆ ಎರಡೂ ಅದೇ. ಜಾಲಿಮುಳ್ಳು, ಕೆಂಜಿಗ, ಉಣ್ಣೆ, ಧೂಳು ಇಷ್ಟರ ಮಧ್ಯೆ ದಿನ ಕಳೆಯಬೇಕಾದ ಮನುಷ್ಯ ಮೈಮೇಲೆ ಇನ್ನೊಂದು ಬಟ್ಟೆ ಸಿಕ್ಕಿದರೆ ಸುತ್ತಿಕೊಳ್ಳುತ್ತಾನೆಯೇ ಹೊರತು ಇರುವುದನ್ನು ಬಿಚ್ಚಿ ಬಿಸಾಡುವುದಿಲ್ಲ.

ಅದೇ ಮನುಷ್ಯನನ್ನು ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಚಿತ್ರಕಾರರ ಕೈಗೆ ಕೊಟ್ಟು ನೋಡಿ. ಮೊದಲು ಕಂಬಳಿ ಹೋಗುತ್ತದೆ. ಆಮೇಲೆ ಮೆಟ್ಟು. ಆಮೇಲೆ ಮುಳ್ಳು, ಧೂಳು, ಹಿಕ್ಕೆ. ಕೊನೆಗೆ ಕುರಿಯೂ ಹೋಗಿ, ಹಸಿರು ಹುಲ್ಲಿನ ಮೇಲೆ ಹುಟ್ಟುಡುಗೆಯಲ್ಲಿ ಒರಗಿಕೊಂಡ ಒಂದಿಬ್ಬರು ಉಳಿಯುತ್ತಾರೆ. ಒಬ್ಬರ ಕೈಯಲ್ಲಿ ಕೊಳಲು, ಇನ್ನೊಬ್ಬರ ಕೈಯಲ್ಲಿ ಹೂವು. ಮಂದೆ ಎತ್ತ ಹೋಯಿತು, ತೋಳ ಹೊತ್ತುಕೊಂಡು ಹೋಯಿತೇ ಎಂಬ ಚಿಂತೆ ಯಾರಿಗೂ ಇಲ್ಲ.

ಇದಕ್ಕೆ ಪ್ಯಾರಿಸ್ಸಿನವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಸಿಸಿಲಿಯ ಥಿಯೋಕ್ರಿಟಸ್ ದನಗಾಹಿಗಳ ಬಾಯಲ್ಲಿ ಸೊಗಸಾದ ಪದ್ಯ ಹಾಡಿಸಿದ್ದ. ಅದನ್ನು ಓದಿ ತಲೆದೂಗಿದವರು ಅಲೆಕ್ಸಾಂಡ್ರಿಯದಂಥ ಮಹಾಪಟ್ಟಣದ ವಿದ್ಯಾವಂತರು. ಅಲ್ಲಿಂದಾಚೆಗೆ ಲಾಂಗಸ್ ಎಂಬ ಗ್ರೀಕ್ ಲೇಖಕ ಡಾಫ್ನಿಸ್ ಮತ್ತು ಕ್ಲೋಯಿಯ ಕಥೆ ಬರೆದ. ಲೆಸ್ಬಾಸ್ ದ್ವೀಪದಲ್ಲಿ ಆಡು ಕಾಯುವ ಹುಡುಗ, ಕುರಿ ಕಾಯುವ ಹುಡುಗಿ. ಇಬ್ಬರಿಗೂ ಪ್ರೀತಿ ಬಂದಿದೆ, ಆದರೆ ಬಂದಿರುವುದು ಏನೆಂದು ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ನೆಪ ಚಿತ್ರಕಾರನಿಗೆ ಎಲ್ಲಿ ಸಿಗಬೇಕು? ಫ್ರಾನ್ಸಿನಲ್ಲಿ ಆ ಪುಸ್ತಕಕ್ಕೆ ಚಿತ್ರ ಬರೆದವರ ಸಾಲೇ ಇದೆ. 1890ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಒಂದು ಆವೃತ್ತಿಗೆ ಗೆರೆ ಎಳೆದವನು ರಫಾಯೆಲ್ ಕೊಲಾಂ. ನಾನು ಹೇಳಹೊರಟಿರುವುದು ಈ ಮನುಷ್ಯನ ವಿಷಯ. ಏಕೆಂದರೆ ಅವನು ಬರೆದ ಒಂದು ದೊಡ್ಡ ಚಿತ್ರ ಜಪಾನಿನ ಫುಕುವೋಕಾದಲ್ಲಿದೆ, ಮತ್ತು ಅದರ ಮುಂದೆ ನಿಂತು ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದಳು.

ಮಗಳು, ಅಳಿಯ ಅಲ್ಲಿದ್ದಾರೆಂದು ನಾವೂ ಹೋಗಿದ್ದೆವು. ವಿದೇಶದಲ್ಲಿ ಮಕ್ಕಳ ಮನೆಗೆ ಹೋದ ತಂದೆತಾಯಿಗಳ ಪಾಡು ಗೊತ್ತಲ್ಲ. ಬೆಳಿಗ್ಗೆ ಅವರು ಬಾಗಿಲು ಹಾಕಿಕೊಂಡು ಹೊರಟರೆ ಸಂಜೆಯವರೆಗೆ ಊರು ನಮ್ಮದು, ಭಾಷೆ ನಮ್ಮದಲ್ಲ. ಭಾಷೆ ಬೇಡದ ಜಾಗಗಳೆಂದರೆ ಉದ್ಯಾನ, ಮ್ಯೂಸಿಯಂ. ಎರಡೂ ಓಹೋರಿ ಪಾರ್ಕಿನಲ್ಲಿ ಒಟ್ಟಿಗೇ ಸಿಗುತ್ತವೆ. ಕುರೋದ ನಾಗಮಾಸ ಎಂಬ ದೊರೆ ಹದಿನೇಳನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಕೋಟೆಯ ಕಂದಕವೇ ಈಗಿನ ಕೆರೆ. 1929ರಲ್ಲಿ ಅದನ್ನು ಪಾರ್ಕು ಮಾಡಿದರು. ದಡದಲ್ಲಿರುವ ಫುಕುವೋಕಾ ಆರ್ಟ್ ಮ್ಯೂಸಿಯಂ 1979ರದು. ಕಟ್ಟಡದ ನಕ್ಷೆ ಮಾಯೆಕಾವಾ ಕುನಿಯೊ ಅವರದು. ನಮ್ಮ ಚಂಡೀಗಢದ ಲ ಕಾರ್ಬೂಸಿಯೇ ಇದ್ದಾರಲ್ಲ, ಅವರ ಕೈಕೆಳಗೆ ಪ್ಯಾರಿಸ್ಸಿನಲ್ಲಿ ಪಳಗಿದವರು. ಹೊರಗೆ ಕುಸಾಮಾ ಯಾಯೋಯಿ ಮಾಡಿದ ಹಳದಿ ಕುಂಬಳಕಾಯಿ, ಮೈತುಂಬ ಕಪ್ಪು ಚುಕ್ಕೆ. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಒಳಗೆ ದಾಲಿ, ಮಿರೊ ಮುಂತಾದ ದೊಡ್ಡ ಹೆಸರುಗಳಿವೆ. ನನ್ನಾಕೆ ಅವರನ್ನೆಲ್ಲ ನಡೆದುಕೊಂಡೇ ದಾಟಿ ಕೊಲಾಂ ಮುಂದೆ ನಿಂತಳು.

ಚಿತ್ರದ ಹೆಸರು ‘ಸಮುದ್ರದಂಡೆಯಲ್ಲಿ’, 1892ರದು. ಎಳೆಯ ವಯಸ್ಸಿನ ಹೆಣ್ಣುಗಳು, ಹಿಂದೆ ಕಡಲು. ಬಣ್ಣವನ್ನು ಹಾಲಿನಲ್ಲಿ ಕಲಸಿ ಹಚ್ಚಿದ ಹಾಗೆ ಎಲ್ಲವೂ ಪೇಲವ, ಎಲ್ಲವೂ ನಯ. ಬೆಳಕು ಧಾರಾಳ, ಬಟ್ಟೆ ಜಿಪುಣ. ನನ್ನಾಕೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: “ಅಲ್ರೀ, ಇಷ್ಟು ಜನ ಸಮುದ್ರಕ್ಕೆ ಬಂದಿದ್ದಾರೆ. ವಾಪಸ್ಸು ಮನೆಗೆ ಹೋಗೋವಾಗ ಉಟ್ಟುಕೊಳ್ಳೋದು ಏನನ್ನ?”

ಕಲಾವಿಮರ್ಶೆಯ ಪುಸ್ತಕಗಳನ್ನು ನಾನೂ ಸ್ವಲ್ಪ ಓದಿದ್ದೇನೆ. ಈ ಪ್ರಶ್ನೆ ಕೇಳಿದವರನ್ನು ನೋಡಿರಲಿಲ್ಲ.

ಅವಳಿಗೆ ಈ ಪ್ರಶ್ನೆ ಬಂದದ್ದು ಸಹಜ. ಅವಳ ತವರುಮನೆಯ ನಡುಮನೆಯಲ್ಲಿ ಗಾಜು ಹಾಕಿಸಿದ ಗೋಪಿಕಾ ವಸ್ತ್ರಾಪಹರಣದ ಪಟ ಇತ್ತು. ಯಮುನೆಯಲ್ಲಿ ಕುತ್ತಿಗೆಯವರೆಗೆ ಗೋಪಿಯರು, ದಡದ ಮರದ ಕೊಂಬೆಯಲ್ಲಿ ಕೃಷ್ಣ, ಕೊಂಬೆಕೊಂಬೆಗೂ ಬಣ್ಣಬಣ್ಣದ ಸೀರೆ. ಯೂರೋಪಿನವರು ಕೇಳುವುದೆಲ್ಲ ಅದರಲ್ಲಿದೆ: ದನ ಕಾಯುವ ಹುಡುಗ, ಕೊಳಲು, ನದಿ, ಮರ, ಬೆತ್ತಲೆ ಹೆಂಗಸರು. ಆ ಪಟದ ಕೆಳಗೆ ಕೂತು ಅವಳ ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದರು, ಅವಳ ಅಪ್ಪ ಸಂಧ್ಯಾವಂದನೆ ಮಾಡುತ್ತಿದ್ದರು. ಯಾರಿಗೂ ಏನೂ ಅನ್ನಿಸಿರಲಿಲ್ಲ. ಸೀರೆಗಳು ಎಲ್ಲಿವೆ ಎಂದು ಎಲ್ಲರಿಗೂ ಗೊತ್ತಿತ್ತು ನೋಡಿ. ಕೈಮುಗಿದು ಕೇಳಿದರೆ ವಾಪಸ್ಸು ಬರುತ್ತವೆ ಎಂಬುದೂ ಗೊತ್ತಿತ್ತು. ಜಪಾನಿನಲ್ಲೂ ಇದಕ್ಕೆ ಹತ್ತಿರದ ಕಥೆಯೊಂದಿದೆ. ಮಿಹೊ ಎಂಬಲ್ಲಿ ಪೈನ್ ಮರದ ಮೇಲೆ ಅಪ್ಸರೆಯೊಬ್ಬಳ ಗರಿಯುಡುಗೆ ಬೆಸ್ತನಿಗೆ ಸಿಕ್ಕುತ್ತದೆ. ಅದಿಲ್ಲದೆ ಅವಳು ಆಕಾಶಕ್ಕೆ ಮರಳುವ ಹಾಗಿಲ್ಲ. ಕುಣಿದು ತೋರಿಸಿ ಬಿಡಿಸಿಕೊಂಡು ಹೋಗುತ್ತಾಳೆ. ನೋ ನಾಟಕವಾಗಿ ಅದನ್ನು ಇವತ್ತಿಗೂ ಆಡುತ್ತಾರೆ. ಅಲ್ಲೂ ಬಟ್ಟೆಯ ಲೆಕ್ಕ ಸರಿಯಾಗಿ ಇಟ್ಟಿದ್ದಾರೆ.

ಪ್ಯಾರಿಸ್ಸಿನಲ್ಲಿ ಮಾತ್ರ ಈ ಲೆಕ್ಕ ತಿರುಗಾಮುರುಗ. 1863ರಲ್ಲಿ ಕಬಾನೆಲ್ ಎಂಬ ಚಿತ್ರಕಾರ ಅಲೆಗಳ ಮೇಲೆ ಮೈಚೆಲ್ಲಿ ಮಲಗಿದ ವೀನಸ್ಸನ್ನು ಬರೆದ. ನೂಲೆಳೆಯೂ ಇಲ್ಲ. ಸಾಕ್ಷಾತ್ ಮೂರನೇ ನೆಪೋಲಿಯನ್ ಚಕ್ರವರ್ತಿ ಅದನ್ನು ಕೊಂಡುಕೊಂಡ. ಅದೇ ವರ್ಷ ಮಾನೆ ಎಂಬಾತ ಹುಲ್ಲಿನ ಮೇಲೆ ಊಟಕ್ಕೆ ಕೂತವರ ಚಿತ್ರ ಬರೆದು ಸರ್ಕಾರಿ ಪ್ರದರ್ಶನಕ್ಕೆ ಕಳಿಸಿದರೆ ಬೇಡವೆಂದು ತಳ್ಳಿದರು. ತಿರಸ್ಕೃತರ ಪ್ರದರ್ಶನದಲ್ಲಿ ತೂಗುಹಾಕಿದಾಗ ಊರಿಗೆ ಊರೇ ಬಾಯಿ ಬಡಿದುಕೊಂಡಿತು. ಎರಡರಲ್ಲೂ ಬೆತ್ತಲೆ ಹೆಣ್ಣೇ. ವ್ಯತ್ಯಾಸ ಏನೆಂದು ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ನನ್ನ ಕಣ್ಣಿಗೆ ಬೀಳುವುದು ಮಾನೆಯ ಚಿತ್ರದ ಕೆಳಗಿನ ಮೂಲೆ: ಬುಟ್ಟಿ, ಉರುಳಿದ ಹಣ್ಣು, ಅದರಡಿಯಲ್ಲಿ ಆ ಹೆಂಗಸು ಬಿಚ್ಚಿಟ್ಟ ನೀಲಿ ಉಡುಪು, ಟೋಪಿ. ಬಿಚ್ಚಿಟ್ಟಿದ್ದಾಳೆ ಎಂದಮೇಲೆ ಮೊದಲು ಉಟ್ಟಿದ್ದಳು, ಇದೇ ಊರಿನವಳು, ಸಂಜೆಗೆ ಉಟ್ಟುಕೊಂಡು ಇದೇ ಬೀದಿಯಲ್ಲಿ ಮನೆಗೆ ಹೋಗುತ್ತಾಳೆ ಎಂದಾಯಿತು. ವೀನಸ್ಸಿಗೆ ಬಟ್ಟೆಯೇ ಇರಲಿಲ್ಲ, ಬಿಚ್ಚುವ ಪ್ರಶ್ನೆಯೂ ಬರಲಿಲ್ಲ. ಬಟ್ಟೆ ಕಂಡರೆ ಹಗರಣ, ಕಾಣದಿದ್ದರೆ ಕಲೆ. ಕಬಾನೆಲ್‌ನ ಶಿಷ್ಯನಾದ ಕೊಲಾಂ ಈ ಪಾಠವನ್ನು ಚೆನ್ನಾಗಿ ಕಲಿತಿದ್ದ. ಕೊಳದ ದಡದ ಹುಲ್ಲಿನಲ್ಲಿ ಹೆಣ್ಣೊಬ್ಬಳನ್ನು ಮಲಗಿಸಿದ ಅವನ 1886ರ ‘ಫ್ಲೋರೆಯಾಲ್’ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ಸರ್ಕಾರ ಕೊಂಡುಕೊಂಡಿತು.

ಆ 1886ರಲ್ಲೇ ಕೊಲಾಂ ಬಳಿ ಒಬ್ಬ ಜಪಾನಿ ಹುಡುಗ ಬಂದು ಸೇರಿದ, ಕುರೋದ ಸೇಕಿ. ಓಹೋರಿಯ ಕೋಟೆ ಕಟ್ಟಿಸಿದ ಕುರೋದ ಮನೆತನದವನಲ್ಲ. ಇವನು ಕ್ಯೂಷುವಿನ ದಕ್ಷಿಣ ತುದಿಯ ಕಾಗೋಷಿಮದವನು. 1884ರಲ್ಲಿ, ಹದಿನೇಳರ ವಯಸ್ಸಿಗೆ, ಕಾನೂನು ಓದಿಬರಲಿ ಎಂದು ಮನೆಯವರು ಪ್ಯಾರಿಸ್ಸಿಗೆ ಕಳಿಸಿದ್ದರು. ಹೋದವನು ಕಾನೂನು ಬಿಟ್ಟು ಕುಂಚ ಹಿಡಿದ. ಲಾ ಓದಲು ಬೆಂಗಳೂರಿಗೆ ಕಳಿಸಿದ ಮಗ ನಾಟಕದ ಕಂಪನಿ ಸೇರಿದ ಎಂಬ ಸುದ್ದಿ ಬಂದಾಗ ನಮ್ಮ ಹಾಸನದ ಕಡೆಯ ಮನೆಯೊಂದರಲ್ಲಿ ಏನೇನು ಮಾತು ಹೊರಡುತ್ತಿತ್ತೋ ಅದನ್ನು ಜಪಾನಿ ಭಾಷೆಯಲ್ಲಿ ಊಹಿಸಿಕೊಳ್ಳಿ. ಗುರುವಿಗೂ ಶಿಷ್ಯರ ದೇಶದ ಮೇಲೆ ಅಕ್ಕರೆ. ಜಪಾನಿನ ಚಹಾ ಬಟ್ಟಲುಗಳನ್ನು ಕಲೆಹಾಕುವ ಹುಚ್ಚು ಕೊಲಾಂಗಿತ್ತು. ಫ್ರಾನ್ಸಿನ ಕಲಾಚರಿತ್ರೆ ಈಗ ಅವನನ್ನು ಹೆಚ್ಚು ನೆನೆಯುವುದಿಲ್ಲ; ಜಪಾನಿನಲ್ಲಿ ಅವನಿಗೆ ಗುರುಸ್ಥಾನ. ಅವನ ಕ್ಯಾನ್ವಾಸ್ ಫುಕುವೋಕಾದ ಕೆರೆದಂಡೆಗೆ ಬಂದು ಸೇರಿದ್ದು ಸರಿಯಾಗಿಯೇ ಇದೆ ಅನ್ನಿಸಿತು.

ಕುರೋದ 1893ರಲ್ಲಿ ಊರಿಗೆ ಮರಳಿದಾಗ ಜೊತೆಗೊಂದು ಚಿತ್ರ ತಂದ. ಕನ್ನಡಿಯ ಮುಂದೆ ನಿಂತು ತಲೆಗೂದಲು ಎತ್ತಿ ಕಟ್ಟಿಕೊಳ್ಳುತ್ತಿರುವ ಹೆಣ್ಣು, ಬೆನ್ನು ನಮ್ಮ ಕಡೆ, ಮುಂಭಾಗ ಕನ್ನಡಿಯಲ್ಲಿ. ಪ್ಯಾರಿಸ್ಸಿನಲ್ಲಿ ಮೆಚ್ಚುಗೆ ಪಡೆದದ್ದು. 1895ರಲ್ಲಿ ಕ್ಯೋಟೋದ ಕೈಗಾರಿಕಾ ಪ್ರದರ್ಶನದಲ್ಲಿ ಅದನ್ನು ಇಟ್ಟಾಗ ಪತ್ರಿಕೆಗಳು ಹರಿಹಾಯ್ದವು, ಜನ ಮುಗಿಬಿದ್ದು ನೋಡಿದರು. ಆಗ ಜಪಾನಿನಲ್ಲಿದ್ದ ಬಿಗೊ ಎಂಬ ಫ್ರೆಂಚ್ ವ್ಯಂಗ್ಯಚಿತ್ರಕಾರ ಈ ನೂಕುನುಗ್ಗಲನ್ನು ಬರೆದಿಟ್ಟಿದ್ದಾನೆ. ಅದರಲ್ಲೊಬ್ಬಳು ಹೆಂಗಸು ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದಾಳೆ. ಆ ಭರದಲ್ಲಿ ಅವಳ ಕಿಮೋನೋ ಮೇಲೆದ್ದು ಕಾಲುಗಳೆಲ್ಲ ಹೊರಗೆ. ಕಾಲು ಕಂಡದ್ದಕ್ಕೆ ಅವಳಿಗೂ ಲಜ್ಜೆಯಿಲ್ಲ, ಅಕ್ಕಪಕ್ಕದವರಿಗೂ ಗಮನವಿಲ್ಲ. ಆ ಕಾಲದ ಜಪಾನನ್ನು ಇಷ್ಟು ಚಿಕ್ಕದಾಗಿ ಹೇಳಿದವರು ಬೇರೆ ಯಾರೂ ಇಲ್ಲ. ಮೂಲಚಿತ್ರ ಈಗಿಲ್ಲ; 1945ರ ಬಾಂಬು ದಾಳಿಯಲ್ಲಿ ಸುಟ್ಟುಹೋಯಿತು.

ಅಲ್ಲಿನ ಜನ ಬೆತ್ತಲೆಯನ್ನೇ ಕಾಣದವರೇ? ಹಾಗೇನಿಲ್ಲ. 1854ರಲ್ಲಿ ಅಮೆರಿಕದ ಪೆರಿ ಹಡಗುಗಳೊಡನೆ ಬಂದಾಗ ಜೊತೆಯಲ್ಲಿದ್ದ ಹೈನೆ ಎಂಬ ಚಿತ್ರಕಾರ ಶಿಮೋದಾದ ಸ್ನಾನದ ಮನೆಯೊಂದನ್ನು ಬರೆದುಕೊಂಡ. ಗಂಡಸರು, ಹೆಂಗಸರು ಒಂದೇ ಕೋಣೆಯಲ್ಲಿ ನಿಶ್ಚಿಂತೆಯಿಂದ ಮೈ ತೊಳೆದುಕೊಳ್ಳುತ್ತಿದ್ದಾರೆ. ಆ ಚಿತ್ರವನ್ನು ಪೆರಿಯ ವರದಿಯ ಎಷ್ಟೋ ಪ್ರತಿಗಳಿಂದ ತೆಗೆದುಹಾಕಿದರು. ನಾಚಿದವರು ಸ್ನಾನ ಮಾಡುತ್ತಿದ್ದವರಲ್ಲ, ಹಡಗಿನಲ್ಲಿ ಬಂದವರು. ನಾಚಿಕೆ ಅಂಟುರೋಗ. 1872ರ ಹೊತ್ತಿಗೆ ಟೋಕಿಯೋ ಸರ್ಕಾರವೇ ಬೀದಿಯಲ್ಲಿ ಮೈಬಿಟ್ಟು ತಿರುಗಿದರೆ, ಗಂಡು ಹೆಣ್ಣು ಒಟ್ಟಿಗೆ ಮಿಂದರೆ ದಂಡ ಎಂದು ಕಾನೂನು ಮಾಡಿತು.

ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂಬ ಮಟ್ಟಿಗೆ ಬೆತ್ತಲೆ ಸ್ನಾನ ಇಂದಿಗೂ ಉಳಿದಿದೆ. ಅಳಿಯ ನನ್ನನ್ನು ಫುತ್ಸುಕಾಇಚಿಯ ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋದ. ಚಡ್ಡಿ ಕೂಡ ನಿಷಿದ್ಧ. “ಮಾವ, ಬಟ್ಟೆ ಈ ಬುಟ್ಟಿಯಲ್ಲಿ ಇಡಿ” ಎಂದು ತಾನು ಬೇರೆ ಕಡೆ ಮುಖ ತಿರುಗಿಸಿದ. ಮಾವ, ಅಳಿಯ ಎಂಬ ಸಂಬಂಧವನ್ನು ನಮ್ಮ ಹಿರಿಯರು ಕಟ್ಟಿದ್ದು ಪಂಚೆ, ಶಲ್ಯ, ಬೆಳ್ಳಿತಟ್ಟೆಗಳ ಮೇಲೆ. ಅದು ಇಂಥ ಪರೀಕ್ಷೆಗೆ ತಯಾರಾದದ್ದಲ್ಲ. ಕೈಗೊಂದು ಪುಟ್ಟ ಟವೆಲ್ ಕೊಡುತ್ತಾರೆ. ಮಾನ ಮುಚ್ಚಲು ಸಾಲದಷ್ಟು ಚಿಕ್ಕದು, ಮರೆತುಬಿಡಲು ಆಗದಷ್ಟು ದೊಡ್ಡದು. ಇಷ್ಟಾದರೂ ಇದೆಯಲ್ಲ ಎಂದುಕೊಂಡು ನೀರಿಗಿಳಿದರೆ ಅದನ್ನು ನೀರಿಗೆ ತಾಗಿಸಬಾರದಂತೆ. ಹಾಗಾಗಿ ಎಲ್ಲರೂ ಅದನ್ನು ಮಡಿಸಿ ತಲೆಯ ಮೇಲೆ ಇಟ್ಟುಕೊಂಡಿದ್ದರು. ನಾನೂ ಇಟ್ಟುಕೊಂಡೆ. ನೀರು ಮೊಣಕಾಲಿನಿಂದ ಎದೆಗೆ ಬರುವಷ್ಟರಲ್ಲಿ ಸಂಕೋಚ ಕರಗಿಹೋಯಿತು. ಎದುರು ಮೂಲೆಯಲ್ಲಿ ಎಂಬತ್ತು ದಾಟಿದ ಅಜ್ಜನೊಬ್ಬ ಕಣ್ಣುಮುಚ್ಚಿ ಕೂತಿದ್ದ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಆ ಕೊಳದಲ್ಲಿ ಈಸೆಲ್ ಹಿಡಿದ ಕೊಲಾಂ ಒಬ್ಬನಿದ್ದಿದ್ದರೆ ಎಲ್ಲರೂ ಒಟ್ಟಿಗೇ ಎದ್ದು ಬುಟ್ಟಿಯ ಕಡೆ ಓಡುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನೋಡುವವನು ಹೊರಗಿನವನಾದಾಗಲೇ ಬೆತ್ತಲೆ ಬೆತ್ತಲೆಯಾಗುವುದು. ಇದಕ್ಕೆ ಸಾಕ್ಷಿ ಫುಕುವೋಕಾದಲ್ಲೇ ಇದೆ. ನಾಕಾ ಹೊಳೆಯ ಒಂದು ಮಗ್ಗುಲು ಸಮುರಾಯಿಗಳ ಫುಕುವೋಕಾ, ಇನ್ನೊಂದು ಮಗ್ಗುಲು ವರ್ತಕರ ಹಕಾತ. ಹಕಾತದ ಕುಶಿದಾ ದೇವಸ್ಥಾನದ ಹಬ್ಬ ಗಿಯೋನ್ ಯಾಮಾಕಾಸಾ. ಜುಲೈ 1ರಿಂದ 15ರವರೆಗೆ. ಹದಿಮೂರನೇ ಶತಮಾನದಲ್ಲಿ ಊರಿಗೆ ಬೇನೆ ಬಂದಾಗ ಭಿಕ್ಷುವೊಬ್ಬ ಹಲಗೆಯ ಮೇಲೆ ಕೂತು ಹೊರಿಸಿಕೊಂಡು ನೀರು ಚಿಮುಕಿಸುತ್ತ ಬೀದಿಬೀದಿ ಸುತ್ತಿದ ಎಂಬುದು ಐತಿಹ್ಯ. ಈಗ ಒಂದು ಟನ್ನಿನಷ್ಟು ಭಾರದ ತೇರನ್ನು ಗಂಡಸರು ಹೆಗಲ ಮೇಲೆ ಹೊತ್ತು ಸುಮಾರು 5 ಕಿಲೋಮೀಟರ್ ಓಡುತ್ತಾರೆ. ನಮ್ಮ ಹಾಗೆ ಎಳೆಯುವುದಲ್ಲ, ಹೊತ್ತು ಓಡುವುದು. ಉಡುಪು ಗರಡಿಮನೆಯ ಜಟ್ಟಿಗಳ ಲಂಗೋಟಿಯಂಥದೇ ಬಿಗಿ ಕಚ್ಚೆ, ಹಿಂಭಾಗ ಪೂರ್ತಿ ದಿಗಂಬರ. ತೊಟ್ಟಿಲು ಬಿಟ್ಟ ಮಗುವಿಗೂ ಅದೇ ಕಚ್ಚೆ, ಬ್ಯಾಂಕಿನ ಮ್ಯಾನೇಜರನಿಗೂ ಅದೇ. ಆ ದಿನಗಳಲ್ಲಿ ಹೊರುವವರು ಸೌತೆಕಾಯಿ ತಿನ್ನುವುದಿಲ್ಲ. ಅಡ್ಡಕ್ಕೆ ಹೆಚ್ಚಿದ ಸೌತೆಯ ಬಿಲ್ಲೆ ದೇವಸ್ಥಾನದ ಲಾಂಛನದ ಹಾಗೆ ಕಾಣುತ್ತದಂತೆ. ನಮ್ಮ ಮನೆಯ ಕೋಸಂಬರಿಗೂ ಅಳಿಯ ಆ ಹದಿನೈದು ದಿನ ರಜಾ ಕೊಡಿಸಿದ್ದ.

ಮೇಜಿ ಸರ್ಕಾರ ಈ ಹಬ್ಬವನ್ನು 1872ರಲ್ಲಿ ನಿಲ್ಲಿಸಿತು. 1883ರಲ್ಲಿ ಜನ ಮತ್ತೆ ಶುರುಮಾಡಿದರು. 1898ರಲ್ಲಿ ಇಲ್ಲಿನ ಗವರ್ನರಿಗೆ ಇನ್ನೊಂದು ಬಾರಿ ನಿಲ್ಲಿಸುವ ಯೋಚನೆ ಬಂತು. ಕಾರಣ ಎರಡು: ಎತ್ತರದ ತೇರು ತಂತಿಗಳಿಗೆ ತಗಲುತ್ತದೆ, ಹೊರುವವರ ಮೈ ಅನಾಗರಿಕವಾಗಿ ಕಾಣುತ್ತದೆ. ಪತ್ರಿಕೆಯವರು, ಊರವರು ಸೇರಿ ವಾದಿಸಿ ಒಂದು ರಾಜಿಗೆ ಬಂದರು. ತೇರನ್ನು ಗಿಡ್ಡ ಮಾಡುವುದು, ಹೊರುವವರು ಮೇಲೊಂದು ಗಿಡ್ಡ ಅಂಗಿ ತೊಡುವುದು. ಆ ಅಂಗಿ, ಮಿಜು ಹಪ್ಪಿ, ಇವತ್ತಿಗೂ ಇದೆ. ಯಾವ ಕೇರಿಯವರು ಎಂಬುದನ್ನು ಅದನ್ನು ನೋಡಿಯೇ ಹೇಳಬಹುದು. ಅಂಗಿ ಸೊಂಟದವರೆಗೆ ಬಂದು ನಿಲ್ಲುತ್ತದೆ. ಅದರಿಂದ ಕೆಳಗಿನದು ಗವರ್ನರ್ ಬರುವ ಮೊದಲು ಹೇಗಿತ್ತೋ ಹಾಗೆಯೇ ಇದೆ.

ಇದಾದ ಮೂರೇ ವರ್ಷಕ್ಕೆ, 1901ರಲ್ಲಿ, ಟೋಕಿಯೋದ ಪ್ರದರ್ಶನವೊಂದರಲ್ಲಿ ಕುರೋದ ಮತ್ತೊಂದು ಬೆತ್ತಲೆ ಹೆಣ್ಣನ್ನು ತೂಗುಹಾಕಿದ. ಪೊಲೀಸರು ಬಂದರು. ಚಿತ್ರ ತೆಗೆಯುವುದು ಬೇಡ, ಕೆಳಗಿನ ಅರ್ಧಕ್ಕೆ ಬಟ್ಟೆ ಸುತ್ತಿ ಎಂದು ತೀರ್ಮಾನವಾಯಿತು. ಎಣ್ಣೆಬಣ್ಣದ ಹೆಣ್ಣು ನಿಜವಾದ ಬಟ್ಟೆ ಸುತ್ತಿಕೊಂಡಳು. ಹಕಾತದಲ್ಲಿ ಸರ್ಕಾರ ಮೇಲರ್ಧ ಮುಚ್ಚಿತು, ಟೋಕಿಯೋದಲ್ಲಿ ಕೆಳಗಿನರ್ಧ. ಎರಡೂ ಕಚೇರಿಗಳು ಸ್ವಲ್ಪ ಪತ್ರವ್ಯವಹಾರ ಇಟ್ಟುಕೊಂಡಿದ್ದರೆ ಒಬ್ಬರಿಗಾದರೂ ಪೂರ್ತಿ ಉಡುಪು ಆಗುತ್ತಿತ್ತು.

ಇವರೆಲ್ಲರಿಗಿಂತ ಮೊದಲು ಹಕಾತದ ಶೋಫುಕುಜಿ ದೇವಾಲಯದಲ್ಲಿ ಸೆಂಗಾಯ್ ಎಂಬ ಝೆನ್ ಗುರು ಇದ್ದ; 1837ರಲ್ಲಿ ತೀರಿಕೊಂಡ. ನಾಲ್ಕು ಗೆರೆಯಲ್ಲಿ ಹೊಟ್ಟೆ ಬಿಟ್ಟುಕೊಂಡ ಹೋತೆಯಿ ಎಂಬ ಜೋಳಿಗೆ ಸನ್ಯಾಸಿಯನ್ನು ಬರೆಯುತ್ತಿದ್ದ, ಚಂದ್ರನಿಗೆ ಬೆರಳು ತೋರಿಸಿ ನಗುವ ಹೋತೆಯಿ. ಜೋಳಿಗೆಯನ್ನೂ ಬರೆಯುತ್ತಿದ್ದ. ಬಟ್ಟೆಬರೆ ಅದರಲ್ಲಿದೆ ಎಂದುಕೊಂಡರೆ ನನ್ನಾಕೆಗೂ ತಕರಾರಿಲ್ಲ.

ಆದರೆ ಈ ಸೀಮೆಯ ನಿಜವಾದ ಉತ್ತರ ಕೊಟ್ಟವನು ಪಕ್ಕದ ಕುರುಮೆ ಊರಿನ ಆವೋಕಿ ಷಿಗೇರು. 1882ರಲ್ಲಿ ಹುಟ್ಟಿ, ಟೋಕಿಯೋದಲ್ಲಿ ಕುರೋದ ಪಾಠ ಹೇಳುತ್ತಿದ್ದ ಶಾಲೆಯಲ್ಲೇ ಕಲಿತವನು. 1904ರಲ್ಲಿ ‘ಕಡಲಿನ ಕೊಡುಗೆ’ ಬರೆದ. ಸಂಜೆಯ ಹೊಂಬಣ್ಣದ ದಂಡೆ, ಬೆಸ್ತರ ಮೆರವಣಿಗೆ, ಹೆಗಲ ಮೇಲೆ ಗಳು, ಗಳುಗಳಿಗೆ ದೊಡ್ಡ ದೊಡ್ಡ ಷಾರ್ಕುಗಳು. ಒಬ್ಬರ ಮೈಮೇಲೂ ಬಟ್ಟೆಯಿಲ್ಲ. ಕೆಲವು ಮುಖಗಳನ್ನು ಬರೆದು ಮುಗಿಸಿಯೂ ಇಲ್ಲ. ಒಂದು ಬಿಳಿ ಮುಖ ಮಾತ್ರ ಸಾಲಿನಿಂದ ತಿರುಗಿ ನೆಟ್ಟಗೆ ನಮ್ಮನ್ನೇ ನೋಡುತ್ತದೆ. ಗುರುವಿನ ಗುರು ಕೊಲಾಂ ಹಾಕಿಕೊಟ್ಟ ದಂಡೆಯೇ ಇದು. ಅದರ ಮೇಲೆ ಈಗ ಬೆವರಿದೆ, ಹೊರೆಯಿದೆ, ಮೀನಿನ ವಾಸನೆಯಿದೆ. ಆವೋಕಿ ಇದಾದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. 1911ರಲ್ಲಿ ಫುಕುವೋಕಾದ ಆಸ್ಪತ್ರೆಯಲ್ಲಿ, ಕ್ಷಯದಿಂದ, ಇಪ್ಪತ್ತೆಂಟರ ವಯಸ್ಸಿಗೆ. ಕುರುಮೆಯವರೇ ಆದ ಬ್ರಿಜ್‌ಸ್ಟೋನ್ ಟೈರಿನ ಇಷಿಬಾಷಿ ಷೋಜಿರೊ ಅವನ ಚಿತ್ರಗಳನ್ನು ಹುಡುಕಿ ಕೂಡಿಸಿದರು. ಹಾಗೆ ಹುಡುಕಿರೆಂದು ಹಚ್ಚಿಕೊಟ್ಟವರು ಅವರಿಗೆ ಶಾಲೆಯಲ್ಲಿ ಚಿತ್ರ ಕಲಿಸಿದ್ದ ಸಾಕಾಮೋತೊ ಹಾಂಜಿರೊ, ಆವೋಕಿಯ ಬಾಲ್ಯದ ಗೆಳೆಯ. ‘ಕಡಲಿನ ಕೊಡುಗೆ’ ಈಗ ಅವರ ಟೋಕಿಯೋ ಮ್ಯೂಸಿಯಂನಲ್ಲಿದೆ. ಮಗಳು ಅದರ ದೊಡ್ಡ ಅಚ್ಚುಪ್ರತಿ ತೋರಿಸಿದಾಗ ನನ್ನಾಕೆಯನ್ನು ಕೇಳಿದೆ, ಇವರ ಬಟ್ಟೆ ಎಲ್ಲಿದೆ ಎಂದು. “ಪಾಪ, ಅಷ್ಟು ಭಾರ ಹೊತ್ತವರನ್ನ ಅದೆಲ್ಲ ಕೇಳ್ತಾರೇನ್ರೀ” ಎಂದಳು.

ಅವಳ ಮಾತಿಗೆ ನನ್ನ ಸಹಿಯಿದೆ, ಒಂದು ಸೇರ್ಪಡೆಯೊಂದಿಗೆ. ನಿಸರ್ಗದ ನಡುವೆ ನಿಂತ ಬೆತ್ತಲೆ ಮೈ ಎಂದರೆ ಕನ್ನಡಿಗನಿಗೆ ನೆನಪಾಗಬೇಕಾದದ್ದು ಶ್ರವಣಬೆಳಗೊಳದ ಬೆಟ್ಟದ ಬಾಹುಬಲಿ. ಚಾವುಂಡರಾಯ ಹತ್ತನೇ ಶತಮಾನದ ಕೊನೆಯಲ್ಲಿ ನಿಲ್ಲಿಸಿದ್ದು, ಸುಮಾರು 57 ಅಡಿ. ಆ ಶಿಲ್ಪಿ ಕೊಲಾಂ ಹಾಗೆ ನಿಸರ್ಗಕ್ಕೆ ಮುಲಾಜು ತೋರಿಸಲಿಲ್ಲ. ಬಯಲಿನಲ್ಲಿ ಬಟ್ಟೆಯಿಲ್ಲದೆ ನಿಂತರೆ ಏನಾಗುತ್ತದೆಂದು ತಿಳಿದಿದ್ದ ಅವನು ಕಾಲಿನ ಬಳಿ ಹುತ್ತ ಬೆಳೆಸಿದ, ಹುತ್ತದಿಂದ ಹಾವು ಹೊರಡಿಸಿದ, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿಸಿದ. ಇರುವೆಯನ್ನು ಒಪ್ಪಿಕೊಂಡ ಬೆತ್ತಲೆ ಅದು. ಬಟ್ಟೆಯ ಲೆಕ್ಕವೂ ಚುಕ್ತಾ: ಗೆದ್ದ ರಾಜ್ಯದ ಜೊತೆ ಅದನ್ನೂ ಅಣ್ಣನಿಗೇ ಬಿಟ್ಟುಬಂದದ್ದು, ಮತ್ತೆ ಉಡುವ ಮಾತೇ ಇಲ್ಲ. ಕಾರ್ಕಳ, ವೇಣೂರು, ಧರ್ಮಸ್ಥಳದವರೂ ಅದೇ ಲೆಕ್ಕ ಒಪ್ಪಿದ್ದಾರೆ. ಮಕ್ಕಳನ್ನು ಸ್ಕೂಲಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇವೆ. ಕೊಲಾಂ ನಯಗಾರ, ಒಪ್ಪಿದೆ. ಆದರೆ ಇರುವೆ ಕಚ್ಚದ ಹುಲ್ಲನ್ನು ನಾನು ನಂಬುವುದಿಲ್ಲ.

ಫುಕುವೋಕಾಕ್ಕೆ ಹೋಗುವವರಿದ್ದರೆ ಜುಲೈ ಮೊದಲ ಪಕ್ಷದಲ್ಲಿ ಹೋಗಿ. ಮ್ಯೂಸಿಯಂಗೆ ಸೋಮವಾರ ರಜಾ, ಅದನ್ನು ನೋಡಿಕೊಳ್ಳಿ. 15ನೇ ತಾರೀಕು ಬೆಳಗಿನ ಜಾವ 4 ಗಂಟೆ 59 ನಿಮಿಷಕ್ಕೆ ಸರಿಯಾಗಿ ಮೊದಲ ತೇರು ಹೊರಡುತ್ತದೆ. ನಮ್ಮ ಕಡೆಯ ಐದು ಗಂಟೆಯಲ್ಲ, ಅವರ 4:59. ಬೀದಿಯುದ್ದಕ್ಕೂ ಹೊರುವವರ ಮೇಲೆ ಬಕೆಟ್ಟುಗಟ್ಟಲೆ ನೀರೆರಚುತ್ತಾರೆ, ಅಂಚಿನಲ್ಲಿ ನಿಂತವರನ್ನೂ ಬಿಡುವುದಿಲ್ಲ. ಚೀಲದಲ್ಲಿ ಒಂದು ಜೊತೆ ಒಣಬಟ್ಟೆ ಇಟ್ಟುಕೊಂಡು ಹೋಗಿ.